ಎತ್ತರದ ಕಾರಿಗೆ ಓಟಗಾರನ ಹೆಸರೇಕೆ?

ಒಂದು ಬೆಂಕಿಪೆಟ್ಟಿಗೆಯನ್ನು ಒರಟು ಹಲಗೆಯ ಮೇಲೆ ಅಗಲವಾದ ಮೈ ಕೆಳಗಾಗುವಂತೆ ಮಲಗಿಸಿ. ಹಲಗೆಯ ಒಂದು ತುದಿಯನ್ನು ನಿಧಾನವಾಗಿ ಮೇಲೆತ್ತಿ. ಒಂದು ಹಂತದಲ್ಲಿ ಪೆಟ್ಟಿಗೆ ಜಾರುತ್ತದೆ, ಉರುಳುವುದಿಲ್ಲ. ಈಗ ಅದೇ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಅದರ ಕಿರಿದಾದ ಅಳತೆ ಇಳಿಜಾರಿನ ದಿಕ್ಕಿಗೆ ಬರುವಂತೆ ಇಟ್ಟು, ಮತ್ತೆ ಹಲಗೆಯನ್ನು ಎತ್ತಿ. ಈ ಬಾರಿ ಅದು ಜಾರುವ ಮೊದಲೇ ಮಗುಚಿ ಬೀಳುತ್ತದೆ.

ಪೆಟ್ಟಿಗೆ ಅದೇ, ತೂಕ ಅದೇ, ಹಲಗೆಯೂ ಅದೇ. ಬದಲಾದದ್ದು ಎರಡೇ: ಗುರುತ್ವ ಕೇಂದ್ರದ ಎತ್ತರ ಮತ್ತು ನಿಂತ ತಳದ ಅಗಲ. ಇಂದಿನ ಕಾರು ತಯಾರಕರು ತಮ್ಮ ಮಾದರಿಗಳನ್ನು ಯೋಜಿಸುತ್ತಿರುವ ರೀತಿ ಸರಿಯೇ ಎಂದು ಪರೀಕ್ಷಿಸಲು ಈ ಬೆಂಕಿಪೆಟ್ಟಿಗೆಯನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು. ಮುಖ್ಯವಾಗಿ ಎರಡು ಬಗೆಯ ಕಾರುಗಳ ವಿಷಯದಲ್ಲಿ ಈ ಪರೀಕ್ಷೆ ಅಗತ್ಯವಾಗಿದೆ. ಒಂದು ಕ್ರಾಸ್‌ಓವರ್, ಇನ್ನೊಂದು ಪರ್ಫಾರ್ಮೆನ್ಸ್ ಕಾರು.

ಎರಡು ಬಗೆ, ಎರಡು ಉದ್ದೇಶ

ಕ್ರಾಸ್‌ಓವರ್ ಎಂದರೇನು? ನೋಟಕ್ಕೆ ಅದು ಜೀಪಿನ ಕುಲದ್ದು. ಆದರೆ ಒಳಗೆ ಸಾಮಾನ್ಯ ಕಾರು. ಲಾರಿಯಲ್ಲಿರುವಂತೆ ಬೇರೆಯಾದ ಉಕ್ಕಿನ ಚೌಕಟ್ಟು ಇದಕ್ಕಿಲ್ಲ. ಕವಚವೇ ಚೌಕಟ್ಟಿನ ಕೆಲಸವನ್ನೂ ಮಾಡುತ್ತದೆ. ಸಣ್ಣ ಕಾರಿನ ತಳವನ್ನು ತೆಗೆದುಕೊಂಡು, ಅದರ ಮೇಲೆ ಎತ್ತರದ ಮೈ ಕೂರಿಸಿ, ನೆಲದಿಂದ ಸ್ವಲ್ಪ ಮೇಲಕ್ಕೆತ್ತಿದರೆ ಕ್ರಾಸ್‌ಓವರ್ ಸಿದ್ಧ. 1994ರಲ್ಲಿ ಟೊಯೋಟ ಹೊರತಂದ ರಾವ್-4 ಈ ಬಗೆಯ ಮೊದಮೊದಲ ಕಾರುಗಳಲ್ಲೊಂದು. ಪರ್ಫಾರ್ಮೆನ್ಸ್ ಕಾರಿನ ಉದ್ದೇಶವೇ ಬೇರೆ. ಬೇಗ ವೇಗ ಪಡೆಯುವುದು, ಬೇಗ ನಿಲ್ಲುವುದು, ತಿರುವಿನಲ್ಲಿ ನೆಲ ಬಿಡದೆ ಹಿಡಿಯುವುದು. ಇದನ್ನು ನಾವು ಚುರುಕುಕಾರು ಎಂದು ಕರೆಯೋಣ.

ಜನ ಕ್ರಾಸ್‌ಓವರ್ ಕೊಳ್ಳುವುದು ಮೌಢ್ಯದಿಂದ ಎಂದು ತಿಳಿಯಬೇಡಿ. ಮಂಡಿನೋವಿರುವ ಹಿರಿಯರು ಬಗ್ಗದೆ ಒಳಗೆ ಕೂರಬಹುದು. ಮುಂದಿನ ರಸ್ತೆ ಚೆನ್ನಾಗಿ ಕಾಣುತ್ತದೆ. ಹಂಪುಗಳ ಮೇಲೆ ಕಾರಿನ ಹೊಟ್ಟೆ ಉಜ್ಜುವುದಿಲ್ಲ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಲೆಕ್ಕದಂತೆ 2023ರಲ್ಲಿ ಜಗತ್ತಿನಲ್ಲಿ ಮಾರಾಟವಾದ ಕಾರುಗಳಲ್ಲಿ ಸುಮಾರು ಅರ್ಧದಷ್ಟು ಎಸ್‌ಯುವಿ ಮತ್ತು ಕ್ರಾಸ್‌ಓವರ್ ಬಗೆಯವು. ಇಷ್ಟು ಜನ ಬಯಸುವ ವಸ್ತುವನ್ನು ತಯಾರಕರು ಮಾಡಬಾರದೆಂದು ಹೇಳುವುದರಲ್ಲಿ ಅರ್ಥವಿಲ್ಲ. ನಮ್ಮ ಆಕ್ಷೇಪ ಬೇರೆಡೆ ಇದೆ. ಎತ್ತರದ ಕಾರಿಗೆ ಚುರುಕುಕಾರಿನ ವೇಷ ಹಾಕಿ, ಅದನ್ನೇ ನೆಪಮಾಡಿ ನಿಜವಾದ ಚುರುಕುಕಾರನ್ನು ಅಂಗಡಿಯಿಂದ ತೆಗೆದುಹಾಕುವುದು ತಪ್ಪು.

ಭೌತಶಾಸ್ತ್ರ ಏನು ಹೇಳುತ್ತದೆ?

ಕಾರು ತಿರುವಿನಲ್ಲಿ ಹೋಗುವಾಗ ಒಳಬದಿಯ ಚಕ್ರಗಳ ಮೇಲಿನ ಭಾರ ಕಡಿಮೆಯಾಗಿ ಹೊರಬದಿಯ ಚಕ್ರಗಳ ಮೇಲೆ ಬೀಳುತ್ತದೆ. ಹೀಗೆ ವರ್ಗವಾಗುವ ಭಾರ ಕಾರಿನ ರಾಶಿ, ತಿರುವಿನ ತೀವ್ರತೆ ಮತ್ತು ಗುರುತ್ವ ಕೇಂದ್ರದ ಎತ್ತರಕ್ಕೆ ತಕ್ಕಂತೆ ಹೆಚ್ಚುತ್ತದೆ. ಎಡಬಲ ಚಕ್ರಗಳ ನಡುವಣ ಅಂತರ ಹೆಚ್ಚಿದಂತೆ ಇಳಿಯುತ್ತದೆ. ಒಂದು ಉದಾಹರಣೆಯನ್ನು ಲೆಕ್ಕ ಹಾಕಿ ನೋಡಿ. ತಗ್ಗಿನ ಕಾರಿನ ತೂಕ 1,200 ಕಿಗ್ರಾಂ, ಗುರುತ್ವ ಕೇಂದ್ರದ ಎತ್ತರ 52 ಸೆಂಮೀ, ಚಕ್ರಗಳ ಅಂತರ 150 ಸೆಂಮೀ ಎಂದಿರಲಿ. ಗುರುತ್ವ ವೇಗೋತ್ಕರ್ಷದ 0.8ರಷ್ಟು ತೀವ್ರವಾದ ತಿರುವಿನಲ್ಲಿ ಸುಮಾರು 333 ಕಿಗ್ರಾಂ ಭಾರ ಒಳಗಿನಿಂದ ಹೊರಗಿನ ಚಕ್ರಗಳಿಗೆ ಹೋಗುತ್ತದೆ. ಅದೇ ತಳದ ಮೇಲೆ ಕಟ್ಟಿದ ಎತ್ತರದ ಕಾರಿನ ತೂಕ 1,300 ಕಿಗ್ರಾಂ, ಗುರುತ್ವ ಕೇಂದ್ರ 60 ಸೆಂಮೀ ಎಂದುಕೊಂಡರೆ ಈ ಭಾರ 416 ಕಿಗ್ರಾಂ ಆಗುತ್ತದೆ. ಅಂದರೆ ಶೇ. 25ರಷ್ಟು ಹೆಚ್ಚು.

ಹೊರಗಿನ ಚಕ್ರಕ್ಕೆ ಬಂದ ಭಾರ ಹಿಡಿತವಾಗಿ ಕೆಲಸಕ್ಕೆ ಬರುವುದಿಲ್ಲವೇ ಎಂದು ನೀವು ಕೇಳಬಹುದು. ಬರುತ್ತದೆ, ಆದರೆ ಪೂರ್ತಿಯಾಗಿ ಅಲ್ಲ. ಟೈರಿನ ಮೇಲಿನ ಭಾರ ಇಮ್ಮಡಿಯಾದರೆ ಅದರ ಪಕ್ಕದ ಹಿಡಿತ ಇಮ್ಮಡಿಯಾಗುವುದಿಲ್ಲ; ಸ್ವಲ್ಪ ಕಡಿಮೆಯೇ ಆಗುತ್ತದೆ. ಆದ್ದರಿಂದ ನಾಲ್ಕು ಟೈರುಗಳು ಭಾರವನ್ನು ಹಂಚಿಕೊಂಡಷ್ಟೂ ಕಾರಿಗೆ ಒಳ್ಳೆಯದು.

ಇಲ್ಲಿ ಇನ್ನೊಂದು ಅಂಶ ಮುಖ್ಯ. ಬಿಗಿಯಾದ ಸ್ಪ್ರಿಂಗುಗಳನ್ನು ಹಾಕಿದರೆ ಕಾರು ವಾಲುವುದು ಕಡಿಮೆಯಾಗುತ್ತದೆ. ಆದರೆ ಮೇಲೆ ಹೇಳಿದ ಭಾರದ ವರ್ಗಾವಣೆ ಹೆಚ್ಚು ಕಡಿಮೆ ಹಾಗೆಯೇ ಉಳಿಯುತ್ತದೆ, ಏಕೆಂದರೆ ಅದನ್ನು ತೀರ್ಮಾನಿಸುವುದು ಎತ್ತರ, ಸ್ಪ್ರಿಂಗಲ್ಲ. ವಾಲದಿರುವ ಕಾರು ಚುರುಕಾಗಿದೆ ಎಂಬ ಭಾವನೆಯನ್ನು ಚಾಲಕನಿಗೆ ಕೊಡುತ್ತದೆ. ಅದಕ್ಕೆ ತೆರುವ ಬೆಲೆ ಹಿಂದೆ ಕೂತವರ ಬೆನ್ನಿನದು.

ಗಾಳಿಯ ತಡೆಯ ಕಥೆಯೂ ಇಂಥದ್ದೇ. ಗಾಳಿಗೆ ಎದುರಾಗುವ ಮೈ 2.1 ಚದರ ಮೀಟರ್‌ನಿಂದ 2.4ಕ್ಕೆ, ತಡೆಯ ಗುಣಾಂಕ 0.30ರಿಂದ 0.34ಕ್ಕೆ ಏರಿತೆಂದುಕೊಳ್ಳಿ. ಗಂಟೆಗೆ 100 ಕಿಮೀ ವೇಗದಲ್ಲಿ ಗಾಳಿಯನ್ನು ಸೀಳಲು ಮೊದಲನೆಯದಕ್ಕೆ ಸುಮಾರು 8 ಕಿಲೋವಾಟ್ ಶಕ್ತಿ ಸಾಕು, ಎರಡನೆಯದಕ್ಕೆ 10.5 ಕಿಲೋವಾಟ್ ಬೇಕು. ಪೆಟ್ರೋಲಾದರೂ ಅಷ್ಟೆ, ಬ್ಯಾಟರಿಯಾದರೂ ಅಷ್ಟೆ.

ಫೋರ್ಡ್ ಮಾಡಿದ ತಪ್ಪು

ಈಗ ನಿಜವಾದ ಒಂದು ಪ್ರಕರಣಕ್ಕೆ ಬರೋಣ. ಯೂರೋಪಿನಲ್ಲಿ ಫೋರ್ಡ್ ಕಂಪನಿಯ ಸಣ್ಣ ಕಾರು ಫಿಯೆಸ್ಟಾ. 1976ರಲ್ಲಿ ಹುಟ್ಟಿದ್ದು, ಬ್ರಿಟನ್ನಿನಲ್ಲಿ 2009ರಿಂದ 2020ರವರೆಗೆ ಸತತವಾಗಿ ಅತಿ ಹೆಚ್ಚು ಮಾರಾಟವಾದ ಕಾರು. ಅದರ ಚುರುಕು ರೂಪ ಫಿಯೆಸ್ಟಾ ಎಸ್‌ಟಿ. ಕೊನೆಯ ಪೀಳಿಗೆಯ ಎಸ್‌ಟಿಯಲ್ಲಿ 1.5 ಲೀಟರಿನ ಮೂರು ಸಿಲಿಂಡರುಗಳ ಟರ್ಬೊ ಎಂಜಿನು, 200 ಅಶ್ವಶಕ್ತಿ. ಸಾಮಾನ್ಯ ಸಂಬಳದವರೂ ಆಸೆಪಡಬಹುದಾಗಿದ್ದ, ದಿನವೂ ಬಳಸಬಹುದಾಗಿದ್ದ ಚುರುಕುಕಾರು ಅದು.

2019ರಲ್ಲಿ ಫೋರ್ಡ್ ಫಿಯೆಸ್ಟಾದ ತಳವನ್ನೇ ಬಳಸಿ ಪ್ಯೂಮಾ ಎಂಬ ಕ್ರಾಸ್‌ಓವರ್ ತಂದಿತು. ಕ್ರಾಸ್‌ಓವರ್ ಆಗಿ ಇದು ಮೆಚ್ಚತಕ್ಕ ಕೆಲಸ. ಡಿಕ್ಕಿಯ ನೆಲದ ಕೆಳಗೆ 80 ಲೀಟರಿನ ಆಳವಾದ ಗುಂಡಿ, ತೊಳೆದ ನೀರು ಹರಿದುಹೋಗಲು ಅದಕ್ಕೊಂದು ಬಿರಡೆ. ಕೆಸರಿನ ಬೂಟು, ಗಿಡದ ಕುಂಡ, ಏನನ್ನಾದರೂ ಇಡಬಹುದು. ಬಳಸುವವರನ್ನು ಮನಸ್ಸಿನಲ್ಲಿಟ್ಟುಕೊಂಡ ಎಂಜಿನಿಯರು ಮಾತ್ರ ಇದನ್ನು ಯೋಚಿಸಬಲ್ಲ. 2023 ಮತ್ತು 2024ರಲ್ಲಿ ಬ್ರಿಟನ್ನಿನಲ್ಲಿ ಅತಿ ಹೆಚ್ಚು ಮಾರಾಟವಾದ ಕಾರು ಪ್ಯೂಮಾ.

ಇಷ್ಟಕ್ಕೇ ನಿಲ್ಲಿಸಿದ್ದರೆ ನಮ್ಮ ತಕರಾರಿರುತ್ತಿರಲಿಲ್ಲ. 2020ರಲ್ಲಿ ಪ್ಯೂಮಾ ಎಸ್‌ಟಿ ಬಂತು. ಎಂಜಿನು ಫಿಯೆಸ್ಟಾ ಎಸ್‌ಟಿಯದೇ, ಅದೇ 200 ಅಶ್ವಶಕ್ತಿ. ತೂಕ ಮಾತ್ರ ಸುಮಾರು 100 ಕಿಗ್ರಾಂ ಹೆಚ್ಚು. ಎತ್ತರವನ್ನು ಸರಿದೂಗಿಸಲು ಹಿಂದಿನ ಸಸ್ಪೆನ್ಷನ್ನಿನ ತಿರುಚು ತೊಲೆಯನ್ನು ಫಿಯೆಸ್ಟಾ ಎಸ್‌ಟಿಯದಕ್ಕಿಂತ ಶೇ. 40ರಷ್ಟು ಬಿಗಿಗೊಳಿಸಿದರು. ಫಲಿತಾಂಶ? ನಿಂತಲ್ಲಿಂದ 100 ಕಿಮೀ ವೇಗ ಮುಟ್ಟಲು ಫಿಯೆಸ್ಟಾಕ್ಕೆ 6.5 ಸೆಕೆಂಡು, ಪ್ಯೂಮಾಕ್ಕೆ 6.7 ಸೆಕೆಂಡು. ಎತ್ತರದ ಕಾರಿಗೆ ಸಹಜವಾಗಿದ್ದ ಮೆತ್ತನೆಯ ಸವಾರಿ ಹೋಯಿತು. ತಗ್ಗಿನ ಕಾರಿನ ಹಗುರತನ ಬರಲಿಲ್ಲ. ಪ್ಯೂಮಾ ಎಸ್‌ಟಿ ಕೆಟ್ಟ ಕಾರಲ್ಲ. ಅದನ್ನು ಹದಗೊಳಿಸಿದವರು ನುರಿತವರು. ಆದರೆ ಅವರ ಜಾಣ್ಮೆಯ ಬಹುಪಾಲು ಕಾರನ್ನು ಎತ್ತರಿಸಿದ್ದರಿಂದ ಆದ ನಷ್ಟವನ್ನು ತುಂಬುವುದರಲ್ಲೇ ವೆಚ್ಚವಾಯಿತು.

2023ರ ಜುಲೈಯಲ್ಲಿ ಫಿಯೆಸ್ಟಾ ತಯಾರಿಕೆಯನ್ನೇ ನಿಲ್ಲಿಸಲಾಯಿತು. ಅದರೊಡನೆ ಫಿಯೆಸ್ಟಾ ಎಸ್‌ಟಿಯೂ ಹೋಯಿತು. ಅದೇ ವರ್ಷ ಪ್ಯೂಮಾ ಎಸ್‌ಟಿಗೆ 1.0 ಲೀಟರಿನ 170 ಅಶ್ವಶಕ್ತಿಯ, ಸ್ವಯಂಚಾಲಿತ ಗೇರಿನ ರೂಪ ಬಂತು. 100 ಕಿಮೀ ವೇಗಕ್ಕೆ 7.4 ಸೆಕೆಂಡು. ಬಳಿಕ 200 ಅಶ್ವಶಕ್ತಿಯದನ್ನು ಹಿಂತೆಗೆದರು. ಅಕ್ಷರಗಳೆರಡು ಉಳಿದವು, ಅವು ಸೂಚಿಸುತ್ತಿದ್ದ ಗುಣ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು.

ಯೂರೋಪಿನ ಇಂಗಾಲ ನಿಯಮಗಳು ಬಿಗಿಯಾದವು, ಸಣ್ಣ ಕಾರಿನಲ್ಲಿ ಲಾಭ ಕಡಿಮೆ ಎಂಬುದು ಇದಕ್ಕೆ ಸಮರ್ಥನೆ. ನಿಯಮಗಳು ಬಿಗಿಯಾದದ್ದು ನಿಜ. 2020–21ರಲ್ಲಿ ತಯಾರಕರ ಕಾರುಗಳ ಸರಾಸರಿ ಗುರಿ ಕಿಲೋಮೀಟರಿಗೆ 95 ಗ್ರಾಂ ಆಗಿತ್ತು. ಆದರೆ ಒಂದೇ ಎಂಜಿನನ್ನು ಹಗುರ ಕಾರಿನಿಂದ ಭಾರದ ಕಾರಿಗೆ ವರ್ಗಾಯಿಸಿದರೆ ಇಂಗಾಲ ಕಡಿಮೆಯಾಗುತ್ತದೆಯೇ? ಈ ವಾದ ಚುರುಕುಕಾರನ್ನು ಕೈಬಿಡಲು ಕಾರಣವಾಗಬಹುದು; ಎತ್ತರದ ಕಾರಿಗೆ ಅದರ ಬಿರುದು ತೊಡಿಸಲು ಕಾರಣವಾಗಲಾರದು.

ಟೊಯೋಟ ತೋರಿಸಿದ ದಾರಿ

ಅದೇ ಹೊತ್ತಿನಲ್ಲಿ ಜಪಾನಿನಲ್ಲಿ ಏನಾಯಿತು ನೋಡಿ. ಟೊಯೋಟಾದ ಸಣ್ಣ ಕಾರು ಯಾರಿಸ್. 2020ರಲ್ಲಿ ಆ ಕುಟುಂಬದಿಂದ ಎರಡು ಕಾರುಗಳು ಹೊರಬಂದವು. ಮೊದಲನೆಯದು ಯಾರಿಸ್ ಕ್ರಾಸ್, ಎತ್ತರ ಸುಮಾರು 159 ಸೆಂಮೀ. ಸಾಮಾನು, ನೋಟ, ಇಂಧನ ಮಿತವ್ಯಯ ಇದರ ಗುರಿ. ಎರಡನೆಯದು ಜಿಆರ್ ಯಾರಿಸ್. ರ‍್ಯಾಲಿ ಸ್ಪರ್ಧೆಗಾಗಿ ಹುಟ್ಟಿದ ಇದು ಎತ್ತರದಲ್ಲಿ 145.5 ಸೆಂಮೀ. ಅದಕ್ಕಾಗಿಯೇ ಮೂರು ಬಾಗಿಲಿನ ಬೇರೆ ಮೈ, ತಗ್ಗಿಸಿದ ಚಾವಣಿ, ಅದೂ ಕಾರ್ಬನ್ ನಾರಿನದು. ಮುಂಭಾಗಕ್ಕೆ ಯಾರಿಸ್‌ನ ತಳ, ಹಿಂಭಾಗಕ್ಕೆ ಕಂಪನಿಯ ಇನ್ನೂ ದೊಡ್ಡ ಕಾರುಗಳ ತಳ, ಎರಡನ್ನೂ ಬೆಸೆದರು. 1.6 ಲೀಟರಿನ ಮೂರು ಸಿಲಿಂಡರುಗಳ ಎಂಜಿನಿನಿಂದ ಜಪಾನಿನಲ್ಲಿ 272 ಅಶ್ವಶಕ್ತಿ, ನಾಲ್ಕು ಚಕ್ರಗಳಿಗೂ ಚಾಲನೆ, ತೂಕ 1,280 ಕಿಗ್ರಾಂ.

ಫೋರ್ಡ್ ಒಂದೇ ಕಾರಿನಲ್ಲಿ ಎರಡೂ ಗುಣಗಳನ್ನು ತುರುಕಲು ಹೋಯಿತು. ಟೊಯೋಟ ಒಂದೇ ಕುಟುಂಬದಲ್ಲಿ ಎರಡು ಕಾರು ಮಾಡಿ, ಎತ್ತರದ್ದು ಎತ್ತರವಾಗಿಯೇ, ತಗ್ಗಿನದು ತಗ್ಗಾಗಿಯೇ ಇರಲಿ ಎಂದಿತು. ಹಂಚಿಕೊಳ್ಳಬಹುದಾದ ಭಾಗಗಳನ್ನು ಹಂಚಿಕೊಂಡಿತು. ಹಂಚಿಕೊಳ್ಳಲಾಗದ್ದನ್ನು, ಎಂದರೆ ಎತ್ತರವನ್ನು, ಬೇರೆಯಾಗಿಯೇ ಉಳಿಸಿಕೊಂಡಿತು. ಇದೇ ಒಳ್ಳೆಯ ಯೋಜನೆಯ ಲಕ್ಷಣ.

ಹಾಗೆಂದು ಟೊಯೋಟ ನಿರ್ದೋಷಿಯೇನಲ್ಲ. ಜಿಆರ್ ಎಂಬ ಎರಡಕ್ಷರವನ್ನು ಅದು ಬೇರೆ ಕಡೆಗಳಲ್ಲೂ ಧಾರಾಳವಾಗಿ ಅಂಟಿಸಿದೆ. ನಮ್ಮ ಬಿಡದಿಯ ಕಾರ್ಖಾನೆಯಲ್ಲಿ ತಯಾರಾಗುವ ಫಾರ್ಚೂನರ್ ಉದ್ದಚೌಕಟ್ಟಿನ, ಎರಡು ಟನ್ನು ಮೀರಿದ ವಾಹನ. 2022ರಲ್ಲಿ ಅದಕ್ಕೂ ಜಿಆರ್-ಎಸ್ ಎಂಬ ರೂಪ ಬಂತು. ಹೊರಗಿನ ಅಲಂಕಾರ ಬದಲಾಯಿತು, ಸಸ್ಪೆನ್ಷನ್ನಿನ ಹದ ಬದಲಾಯಿತು. ಎಂಜಿನು ಮಾತ್ರ ಅದೇ. ರ‍್ಯಾಲಿಯಲ್ಲಿ ಗಳಿಸಿದ ಹೆಸರನ್ನು ಹೀಗೆ ಚಿಲ್ಲರೆಯಾಗಿ ಖರ್ಚುಮಾಡಿದರೆ ಅದು ಎಷ್ಟು ದಿನ ಉಳಿದೀತು?

ಪೋರ್ಶೆಯ ಪಾಠ

ಕ್ರಾಸ್‌ಓವರಿನಿಂದ ಚುರುಕುಕಾರಿಗೆ ಕೇಡೇ ಆಗಬೇಕೆಂದಿಲ್ಲ. ಜರ್ಮನಿಯ ಪೋರ್ಶೆ ಕಂಪನಿ 1990ರ ದಶಕದ ಆರಂಭದಲ್ಲಿ ಮುಳುಗುವ ಸ್ಥಿತಿಯಲ್ಲಿತ್ತು. 2002ರಲ್ಲಿ ಅದು ಫೋಕ್ಸ್‌ವ್ಯಾಗನ್ ಜೊತೆಗೂಡಿ ಕೆಯೆನ್ ಎಂಬ ಎತ್ತರದ ವಾಹನ ತಂದಾಗ ಅಭಿಮಾನಿಗಳು ಮೂಗು ಮುರಿದರು. 2023ರ ಹೊತ್ತಿಗೆ ಕಂಪನಿ ಮಾರಿದ ಸುಮಾರು 3,20,000 ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೆಯೆನ್ ಮತ್ತು ಅದರ ತಮ್ಮ ಮಕಾನ್. ಆದರೂ 911 ಸಾಯಲಿಲ್ಲ. ಅದೇ ವರ್ಷ ಸುಮಾರು 50,000 ಮಾರಾಟವಾಯಿತು. ಇಲ್ಲಿ ಗಮನಿಸಬೇಕಾದದ್ದು, ಎತ್ತರದ ಕಾರಿಗೆ ಅವರು 911ರ ಹೆಸರಿಡಲಿಲ್ಲ. ಹೊಸ ವಸ್ತುವಿಗೆ ಹೊಸ ಹೆಸರು. ಹಳೆಯ ಹೆಸರು ಹಳೆಯ ಗುಣಕ್ಕೇ ಮೀಸಲು.

ಎತ್ತರವನ್ನು ಹಣದಿಂದ ಗೆಲ್ಲಬಹುದೇ ಎಂಬ ಪ್ರಶ್ನೆಗೂ ಪೋರ್ಶೆಯೇ ಉತ್ತರ ಕೊಟ್ಟಿದೆ. 2021ರಲ್ಲಿ ನ್ಯೂರ್‌ಬರ್ಗ್‌ರಿಂಗ್‌ನ 20.8 ಕಿಮೀ ಪಥದಲ್ಲಿ ಕಂಪನಿಯ ಪರೀಕ್ಷಾ ಚಾಲಕ ಲಾರ್ಸ್ ಕೆರ್ನ್ 640 ಅಶ್ವಶಕ್ತಿಯ ಕೆಯೆನ್ ಟರ್ಬೊ ಜಿಟಿಯನ್ನು 7 ನಿಮಿಷ 38.9 ಸೆಕೆಂಡುಗಳಲ್ಲಿ ಓಡಿಸಿದರು. ಎಸ್‌ಯುವಿಗಳಲ್ಲಿ ಆಗ ಅದು ದಾಖಲೆ. ಅದೇ ವರ್ಷ ಪ್ರಕಟವಾದಂತೆ ಅವರೇ 510 ಅಶ್ವಶಕ್ತಿಯ 911 ಜಿಟಿ3ಯನ್ನು ಓಡಿಸಿ ತೆಗೆದುಕೊಂಡ ಕಾಲ 6 ನಿಮಿಷ 59.9 ಸೆಕೆಂಡು. ಟೈರುಗಳು ಬೇರೆ ಎಂಬುದನ್ನು ಒಪ್ಪೋಣ. ಆದರೂ 130 ಅಶ್ವಶಕ್ತಿ ಹೆಚ್ಚಿದ್ದು 39 ಸೆಕೆಂಡು ಹಿಂದುಳಿಯುವುದೆಂದರೇನು? ಬೆಂಕಿಪೆಟ್ಟಿಗೆಯ ನಿಯಮಕ್ಕೆ ಬೆಲೆಬಾಳುವ ಕಾರುಗಳೂ ಹೊರತಲ್ಲ.

ಹೆಸರಿನ ಪ್ರಾಮಾಣಿಕತೆ

ಪ್ಯೂಮಾ ಎಂಬ ಹೆಸರು 1997ರಲ್ಲಿ ಫೋರ್ಡ್ ತಂದ ತಗ್ಗಿನ, ಎರಡು ಬಾಗಿಲಿನ ಪುಟ್ಟ ಕೂಪೆಯದು. ಎಕ್ಲಿಪ್ಸ್ ಎಂಬುದು ಮಿತ್ಸುಬಿಷಿಯ ಕೂಪೆಯ ಹೆಸರು. ಆ ಕಾರು 2011ರಲ್ಲಿ ನಿಂತಿತು, ಹೆಸರು 2017ರಲ್ಲಿ ಎಕ್ಲಿಪ್ಸ್ ಕ್ರಾಸ್ ಎಂಬ ಕ್ರಾಸ್‌ಓವರಿಗೆ ಹೋಯಿತು. 2019ರಲ್ಲಿ ಫೋರ್ಡ್ ತನ್ನ ವಿದ್ಯುತ್ ಕ್ರಾಸ್‌ಓವರಿಗೆ ಮಸ್ಟಾಂಗ್ ಮಾಕ್-ಇ ಎಂದು ಹೆಸರಿಟ್ಟಿತು. ಹೆಸರಿನಲ್ಲೇನಿದೆ ಎನ್ನುತ್ತೀರಾ? ಕೊಳ್ಳುವವರಲ್ಲಿ ಹೆಚ್ಚಿನವರು ಗುರುತ್ವ ಕೇಂದ್ರವನ್ನು ಅಳೆಯಲಾರರು. ಅವರಿಗೆ ಹೆಸರೇ ಅಳತೆಗೋಲು. ಔಷಧಿಯ ಸೀಸೆಯ ಮೇಲಿನ ಚೀಟಿಯನ್ನು ಬೇರೆ ಸೀಸೆಗೆ ಅಂಟಿಸುವುದನ್ನು ನಾವು ಒಪ್ಪುವುದಿಲ್ಲ. ಕಾರಿನ ವಿಷಯದಲ್ಲೂ ಚೀಟಿ ನಂಬಿ ತಿರುವಿಗೆ ನುಗ್ಗುವ ಯುವಕನೊಬ್ಬ ಇದ್ದೇ ಇರುತ್ತಾನೆ.

ದಾರಿಹೋಕರ ಮಾತನ್ನೂ ಮರೆಯುವಂತಿಲ್ಲ. ಅಮೆರಿಕದ ಹೆದ್ದಾರಿ ಸುರಕ್ಷಾ ವಿಮಾ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಬಾನೆಟ್ಟಿನ ಅಂಚು ಸುಮಾರು ಒಂದು ಮೀಟರಿಗಿಂತ ಎತ್ತರವಿರುವ ವಾಹನಗಳು ಪಾದಚಾರಿಗೆ ಡಿಕ್ಕಿ ಹೊಡೆದಾಗ ಸಾವು ಸಂಭವಿಸುವ ಸಾಧ್ಯತೆ, ತಗ್ಗಿನ ಇಳಿಜಾರು ಮೂತಿಯ ಕಾರುಗಳಿಗಿಂತ ಸುಮಾರು ಶೇ. 45ರಷ್ಟು ಹೆಚ್ಚು. ಪ್ಯೂಮಾದಂಥ ಸಣ್ಣ ಕ್ರಾಸ್‌ಓವರುಗಳು ಅಷ್ಟು ಎತ್ತರದವಲ್ಲ. ಆದರೆ ಎತ್ತರವೇ ಗತ್ತು, ಗತ್ತೇ ವೇಗ ಎಂಬ ಜಾಹೀರಾತು ಬೆಳೆದಂತೆ ಮೂತಿಗಳೂ ಮೇಲೇರುತ್ತವೆ.

ಹಾಗಾದರೆ ಏನು ಮಾಡಬೇಕು?

ತಯಾರಕರಿಗೆ ನಮ್ಮ ಸಲಹೆ ನಾಲ್ಕು. ಒಂದು, ಕ್ರಾಸ್‌ಓವರನ್ನು ಅದರ ಕೆಲಸಕ್ಕೆ ಹದಗೊಳಿಸಿ: ಮೆತ್ತನೆಯ ಸವಾರಿ, ಸಾಮಾನಿಗೆ ಜಾಗ, ಕಡಿಮೆ ಇಂಧನ, ತಗ್ಗಿದ ಮೂತಿ. ಎರಡು, ಶಕ್ತಿಶಾಲಿ ಎಂಜಿನನ್ನು ಕುಟುಂಬದ ಅತಿ ತಗ್ಗಿನ, ಅತಿ ಹಗುರ ಮಾದರಿಗೆ ಕೊಡಿ. ಅದರ ವೆಚ್ಚವನ್ನು ಕ್ರಾಸ್‌ಓವರಿನ ಲಾಭದಿಂದ ಭರಿಸಿ. ಮೂರು, ಹಳೆಯ ಹೆಸರನ್ನು ಹಳೆಯ ಗುಣವಿದ್ದರೆ ಮಾತ್ರ ಬಳಸಿ. ನಾಲ್ಕು, ಅಶ್ವಶಕ್ತಿಯ ಪಕ್ಕದಲ್ಲೇ ತೂಕ, ಗುರುತ್ವ ಕೇಂದ್ರದ ಎತ್ತರ ಮತ್ತು ನಿಲುಗಡೆಯ ದೂರವನ್ನು ಮುದ್ರಿಸಿ. ಅಮೆರಿಕದಲ್ಲಿ 2001ರಿಂದಲೇ ಚಕ್ರಗಳ ಅಂತರವನ್ನು ಗುರುತ್ವ ಕೇಂದ್ರದ ಎತ್ತರದ ಇಮ್ಮಡಿಯಿಂದ ಭಾಗಿಸಿ ಮಗುಚುವ ಅಪಾಯಕ್ಕೆ ದರ್ಜೆ ಕೊಡುತ್ತಿದ್ದಾರೆ. ನಮ್ಮ ಉದಾಹರಣೆಯ ತಗ್ಗಿನ ಕಾರಿಗೆ ಈ ಸಂಖ್ಯೆ 1.44, ಎತ್ತರದ್ದಕ್ಕೆ 1.25. ಹೆಚ್ಚಿದ್ದಷ್ಟೂ ಒಳ್ಳೆಯದು.

ನಮ್ಮ ದೇಶದ ಮಟ್ಟಿಗೆ ಒಂದು ಮಾತು. 2018ರಲ್ಲಿ ಟಾಟಾ ಸಂಸ್ಥೆ ಟಿಯಾಗೊ ಜೆಟಿಪಿ ಎಂಬ ಪುಟ್ಟ ಚುರುಕುಕಾರನ್ನು ತಂದಿತ್ತು: 1.2 ಲೀಟರಿನ ಟರ್ಬೊ ಎಂಜಿನು, 114 ಅಶ್ವಶಕ್ತಿ. 2020ರಲ್ಲಿ ಬಿಎಸ್-6 ನಿಯಮ ಬಂದಾಗ ಅದು ಮರೆಯಾಯಿತು. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಉದ್ದ ಮತ್ತು 1,200 ಘನ ಸೆಂಮೀ ಮೀರದ ಪೆಟ್ರೋಲ್ ಕಾರುಗಳಿಗೆ ಜಿಎಸ್‌ಟಿ ಶೇ. 18, ದೊಡ್ಡವಕ್ಕೆ ಶೇ. 40. ಟಿಯಾಗೊ ಜೆಟಿಪಿಯಂಥ ಕಾರು ಈ ಕಡಿಮೆ ತೆರಿಗೆಯ ಮಿತಿಯೊಳಗೆ ಸಲೀಸಾಗಿ ಕೂರುತ್ತದೆ. ಯಾರಾದರೂ ಮತ್ತೆ ಪ್ರಯತ್ನಿಸಲು ಇದು ತಕ್ಕ ಸಮಯ. ಈ ತೆರಿಗೆ ಉದ್ದ ಮತ್ತು ಎಂಜಿನನ್ನು ಅಳೆಯುತ್ತದೆ, ತೂಕವನ್ನಲ್ಲ ಎಂಬುದನ್ನೂ ನೆನಪಿಡಿ. ನಾಲ್ಕು ಮೀಟರಿನೊಳಗೆ ಎಷ್ಟು ಎತ್ತರದ ಪೆಟ್ಟಿಗೆ ಕಟ್ಟಿದರೂ ತೆರಿಗೆ ಒಂದೇ.

ಇನ್ನು ಓದುಗರಾದ ನಿಮಗೆ. ಮುಂದಿನ ಸಲ ಕಾರಿನ ಅಂಗಡಿಗೆ ಹೋದಾಗ ಬಾಗಿಲ ಮೇಲಿನ ಬಿರುದನ್ನು ನೋಡಿ ಮರುಳಾಗಬೇಡಿ. ಎತ್ತರದ ಕಾರು ನಿಮಗೆ ಬೇಕಾದರೆ ಸಂಕೋಚವಿಲ್ಲದೆ ಕೊಳ್ಳಿ. ಅದರ ಮೆತ್ತನೆಯ ರೂಪವನ್ನೇ ಆರಿಸಿ. ಚುರುಕುಕಾರು ಬೇಕಾದರೆ ತಗ್ಗಿನದನ್ನು ಕೇಳಿ. ಇಲ್ಲವೆಂದರೆ ಏಕಿಲ್ಲವೆಂದು ಕೇಳಿ. ತೂಕವೆಷ್ಟು, ಅದೇ ಎಂಜಿನಿನ ತಗ್ಗಿನ ಮಾದರಿ ಉಂಟೇ ಎಂಬ ಎರಡು ಪ್ರಶ್ನೆಗಳಿಗೆ ಮಾರುವವರು ಉತ್ತರ ಹುಡುಕತೊಡಗಿದರೆ, ತಯಾರಿಸುವವರೂ ಹುಡುಕಲೇಬೇಕಾಗುತ್ತದೆ.